ಹಾವಿನ ಡಬ್ಬಿ, ಕೆಳಗೆ ಹೀಟ್ ಟೇಪ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾಲ್ಕು ಬಾಲ್ ಪೈಥಾನ್‌ಗಳನ್ನು ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಾಕಿದ್ದೇನೆ. ಒಂದೇ ಹಲಗೆ, ಅದರ ಉದ್ದಕ್ಕೂ ಒಂದೇ ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ತೆಳು ಪಟ್ಟಿ), ಒಂದೇ ಥರ್ಮೋಸ್ಟಾಟ್. ಥರ್ಮೋಸ್ಟಾಟಿನ ಪ್ರೋಬ್ (ಬಿಸಿ ಅಳೆಯುವ ತುದಿಯುಳ್ಳ ವೈರ್) ಡಬ್ಬಿಯ ಒಳಗಿರಬೇಕೋ, ಹೊರಗೋ?

ಉತ್ತರ: ಹೊರಗೆ. ಹೀಟ್ ಟೇಪಿಗೆ ತನ್ನ ಬಿಸಿ ತನಗೇ ಗೊತ್ತಿಲ್ಲ, ಕರೆಂಟ್ ಬಂದಷ್ಟು ಹೊತ್ತೂ ಕಾಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಥರ್ಮೋಸ್ಟಾಟ್. ಥರ್ಮೋಸ್ಟಾಟಿಗೋ, ಪ್ರೋಬ್ ಬಿದ್ದಿರುವ ಜಾಗ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಳಗಿಟ್ಟ ಪ್ರೋಬನ್ನು ಹಾವು ಮೈಯಿಂದ ತಳ್ಳಿ ತಂಪಿನ ಮೂಲೆಗೆ ಸೇರಿಸಬಹುದು, ನೀರಿನ ಬಟ್ಟಲು ಮಗುಚಿ ಅದು ಒದ್ದೆಯಾಗಬಹುದು. ಆಗ ‘ಇನ್ನೂ ತಣ್ಣಗಿದೆ’ ಎಂದುಕೊಂಡ ಥರ್ಮೋಸ್ಟಾಟ್ ಕರೆಂಟ್ ಬಿಡುತ್ತಲೇ ಹೋಗುತ್ತದೆ.

ಪ್ರೋಬಿನ ತುದಿಯನ್ನು ಟೇಪಿನ ನಡುವಿನ ಕಪ್ಪು ಪಟ್ಟೆಗಳ ಮೇಲೆ, ಡಬ್ಬಿಯ ತಳದ ನೇರ ಕೆಳಗೆ ಬರುವಂತೆ ಇಟ್ಟು, ಬಿಸಿ ತಡೆಯುವ ಅಂಟುಪಟ್ಟಿಯಿಂದ ಭದ್ರವಾಗಿ ಅಂಟಿಸಿ. ಅಂಚಿನಲ್ಲಿ ಉದ್ದಕ್ಕೂ ಓಡುವ ಲೋಹದ ಪಟ್ಟಿಯ ಮೇಲೆ ಬೇಡ, ಅಲ್ಲಿ ಬಿಸಿ ಕಡಿಮೆ. ಅಲ್ಯೂಮಿನಿಯಂ ಅಂಟುಪಟ್ಟಿ ಬಳಸುವವರು ಅದನ್ನು ವೈರ್ ಸೇರಿಸಿದ ತುದಿಯಿಂದ ದೂರವೇ ಇಡಬೇಕು. ಅದೂ ಲೋಹ, ಕರೆಂಟ್ ಹರಿಸುತ್ತದೆ. ತುದಿಯಿಂದ ಒಂದು ಗೇಣು ಆಚೆ ಪ್ರೋಬಿನ ವೈರನ್ನೂ ಹಲಗೆಗೆ ಕ್ಲಿಪ್ ಹಾಕಿ ಹಿಡಿಸಿ. ಯಾರಾದರೂ ಎಡವಿದರೂ ತುದಿ ಕದಲುವುದಿಲ್ಲ.

ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ಪ್ರೋಬ್ ಇರುವ ಡಬ್ಬಿಯನ್ನು ತೊಳೆಯಲೆಂದು ಹೊರತೆಗೆದರೆ ಪ್ರೋಬ್ ಗಾಳಿಗೆ ತೆರೆದುಕೊಂಡು ತಣಿಯುತ್ತದೆ, ಥರ್ಮೋಸ್ಟಾಟ್ ಬಿಸಿ ಏರಿಸುತ್ತದೆ, ಪಕ್ಕದ ಮೂರು ಡಬ್ಬಿಗಳ ಹಾವುಗಳು ಕೆಳಗಿನಿಂದ ಬೇಯತೊಡಗುತ್ತವೆ. ಅಷ್ಟೇ ಅಳತೆಯ ಖಾಲಿ ಡಬ್ಬಿಯೊಂದನ್ನು ಹಾಸು ಹಾಕಿ ಸಿದ್ಧವಾಗಿಟ್ಟುಕೊಂಡು, ಆ ಜಾಗಕ್ಕೆ ತಕ್ಷಣ ತಳ್ಳಿ. ಅಂತಸ್ತುಗಳಿರುವ ರ‍್ಯಾಕ್ ಆದರೆ, ಎಲ್ಲಕ್ಕಿಂತ ಹೆಚ್ಚು ಕಾಯುವ ಅಂತಸ್ತಿನಲ್ಲಿ (ಸಾಮಾನ್ಯವಾಗಿ ಮೇಲಿನದು) ಪ್ರೋಬ್ ಇರಲಿ. ಉಳಿದವು ಒಂದೆರಡು ಡಿಗ್ರಿ ತಣ್ಣಗಿದ್ದರೆ ಸರಿಪಡಿಸಬಹುದು, ಸುಟ್ಟರೆ ಆಗದು.

ಟೇಪ್ ಡಬ್ಬಿಯ ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸಬಾರದು, ಹಾವಿಗೆ ತಂಪಿನ ಕಡೆ ಸರಿಯಲು ಜಾಗ ಬೇಕು. ಬಾಲ್ ಪೈಥಾನ್‌ಗೆ ಬಿಸಿಯ ತುದಿಯಲ್ಲಿ 31–32 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 25–27 ಸಾಕು. ಥರ್ಮೋಸ್ಟಾಟನ್ನು 32ಕ್ಕೆ ಇಟ್ಟು ಶುರುಮಾಡಿ. ಕೆಲವು ಗಂಟೆ ಬಿಟ್ಟು ಹಾಸನ್ನು ಸರಿಸಿ, ಡಬ್ಬಿಯ ಒಳತಳವನ್ನೇ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಕಡಿಮೆ ಇದ್ದರೆ ಒಂದೊಂದೇ ಡಿಗ್ರಿ ಏರಿಸಿ. ಹಾವು ಬಿಡುವ ಮೊದಲು ಖಾಲಿ ಡಬ್ಬಿಗಳನ್ನಿಟ್ಟು ಎರಡು ದಿನ ಓಡಿಸಿ ನೋಡಿ.

ಪ್ರಶ್ನೆ: ನಮ್ಮ ಮನೆಯ ಕರೆಂಟ್ 230 ವೋಲ್ಟ್. ಸಿಕ್ಕಿರುವ ಟೇಪಿನ ಮೇಲೆ 115 ವೋಲ್ಟ್ ಎಂದು ಅಚ್ಚಾಗಿದೆ. ಥರ್ಮೋಸ್ಟಾಟ್ ಇದೆಯಲ್ಲ, ನಡೆಯುವುದಿಲ್ಲವೇ? ವೈರ್ ನಾವೇ ಸೇರಿಸಿಕೊಳ್ಳಬಹುದೇ?

ಉತ್ತರ: ನಡೆಯುವುದಿಲ್ಲ. ವೋಲ್ಟೇಜ್ ಎರಡು ಪಟ್ಟಾದರೆ ವ್ಯಾಟ್ ಎರಡಲ್ಲ, ನಾಲ್ಕು ಪಟ್ಟು. ಅಡಿಗೆ 10 ವ್ಯಾಟ್‌ನ ಟೇಪ್ 40 ವ್ಯಾಟ್ ಎಳೆಯುತ್ತದೆ. ಥರ್ಮೋಸ್ಟಾಟ್ ಅದನ್ನು ನಿಭಾಯಿಸಿದಂತೆ ಕಂಡರೂ, ಅದು ಕೈಕೊಟ್ಟ ದಿನ ಪ್ಲಾಸ್ಟಿಕ್ ಕರಗುತ್ತದೆ. ನಿಮ್ಮ ವೋಲ್ಟೇಜಿಗೇ ಮಾಡಿದ ಟೇಪ್ ಕೊಳ್ಳಿ.

ವೈರ್ ಸೇರಿಸಿ ಅಭ್ಯಾಸವಿಲ್ಲದಿದ್ದರೆ, ವೈರ್ ಸಮೇತ ಸಿದ್ಧವಾಗಿ ಬರುವುದನ್ನೇ ತನ್ನಿ ಅಥವಾ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಬಲ್ಲವರಿಗೆ ಇಷ್ಟು: ಕತ್ತರಿಸುವುದು ಗುರುತಿನ ಗೆರೆಯ ಮೇಲೆ ಮಾತ್ರ. ಎರಡು ವೈರೂ ಒಂದೇ ತುದಿಯಲ್ಲಿ, ಒಂದೊಂದು ಲೋಹದ ಪಟ್ಟಿಗೆ ಒಂದೊಂದು. ಆ ಟೇಪಿಗೆಂದೇ ಬರುವ ಕ್ಲಿಪ್ಪನ್ನು ಬಿಗಿಯಾಗಿ ಒತ್ತಬೇಕು, ಮೆಲ್ಲಗೆ ಎಳೆದರೆ ಅಲುಗಾಡಬಾರದು. ಸಡಿಲ ಕ್ಲಿಪ್ಪಿನಲ್ಲಿ ಕಿಡಿ ಹಾರುತ್ತದೆ, ಬೆಂಕಿ ಹೊತ್ತುವುದು ಹೆಚ್ಚಾಗಿ ಅಲ್ಲಿಂದಲೇ. ಕ್ಲಿಪ್ಪಿಗೂ, ಕತ್ತರಿಸಿದ ಇನ್ನೊಂದು ತುದಿಗೂ ಇನ್ಸುಲೇಟರ್ ಮುಚ್ಚಳ ಬೇಕೇ ಬೇಕು. ಟೇಪಿಗೆ ಮೊಳೆ, ಸ್ಟೇಪಲ್ ಹೊಡೆಯಬೇಡಿ, ಮಡಚಬೇಡಿ, ಒಂದರ ಮೇಲೊಂದು ಹಾಸಬೇಡಿ. ಹಲಗೆಯಲ್ಲಿ ಟೇಪಿನಗಲದ ತೆಳುವಾದ ಕಾಲುವೆ ಕೊರೆದು ಕೂರಿಸಿದರೆ, ಡಬ್ಬಿ ಎಳೆದಾಗಲೆಲ್ಲ ಉಜ್ಜಿ ಸವೆಯುವುದಿಲ್ಲ, ಮೂರ್ನಾಲ್ಕು ಮಿಲಿಮೀಟರ್ ಗಾಳಿಯ ಸಂದೂ ಸಿಗುತ್ತದೆ. ಎಂಟು ಅಡಿ ಟೇಪ್, ಅಡಿಗೆ 10 ವ್ಯಾಟ್ ಎಂದರೆ 80 ವ್ಯಾಟ್. ಥರ್ಮೋಸ್ಟಾಟ್ 100 ವ್ಯಾಟ್‌ಗಾದರೂ ತಾಳುವಂಥದ್ದಿರಲಿ.

ಪ್ರಶ್ನೆ: ಕಾರ್ನ್ ಸ್ನೇಕಿನ ಹೊಟ್ಟೆಯ ಹುರುಪೆ ಕೆಂಪಾಗಿದೆ, ಒಂದೆರಡು ಕಡೆ ಗುಳ್ಳೆ. ಹಾಸಿನ ಮೇಲಿಟ್ಟ ಥರ್ಮಾಮೀಟರ್ 29 ತೋರಿಸುತ್ತಿದೆ. ಸುಟ್ಟಿದ್ದು ಹೇಗೆ?

ಉತ್ತರ: ಮೊದಲು ಪಶುವೈದ್ಯರಿಗೆ ತೋರಿಸಿ. ಒದ್ದೆ ಹಾಸಿನಿಂದಾಗುವ ಸೋಂಕೂ ಹೀಗೇ ಕಾಣುತ್ತದೆ, ನೋಡಿ ಹೇಳಬೇಕಾದವರು ಅವರು. ಮನೆಯ ಮುಲಾಮು ಹಚ್ಚಬೇಡಿ.

ಸುಟ್ಟದ್ದೇ ಆಗಿದ್ದರೆ ನಮ್ಮ ಅನುಮಾನ ಹಾಸಿನ ಮೇಲೆ. ನಾಲ್ಕೈದು ಸೆಂಟಿಮೀಟರ್ ದಪ್ಪ ಹಾಸು ಕಂಬಳಿಯಂತೆ ಬಿಸಿಯನ್ನು ಕೆಳಗೇ ಹಿಡಿದಿಡುತ್ತದೆ. ಮೇಲೆ 29 ಬರಲೆಂದು ಟೇಪನ್ನು ಏರಿಸಿದರೆ, ತಳ 40 ದಾಟಿರಬಹುದು. ಕಾರ್ನ್ ಸ್ನೇಕ್ ಹಾಸಿನೊಳಗೆ ಹುದುಗುವ ಹಾವು, ನೇರ ಆ ತಳಕ್ಕೇ ಹೋಗಿ ಸುರುಳಿ ಸುತ್ತುತ್ತದೆ. ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗುವುದು ನಿಧಾನ. ಬಿಸಿಯ ಭಾಗದಲ್ಲಿ ಹಾಸು ಒಂದೆರಡು ಸೆಂಟಿಮೀಟರ್ ಮೀರದಿರಲಿ. ಅಳೆಯುವುದು ತಳವನ್ನು, ಹಾಸಿನ ಮೇಲ್ಭಾಗವನ್ನಲ್ಲ.

ಪ್ರಶ್ನೆ: ಮೊದಲನೆಯದು ಕೆಟ್ಟರೆ ಕಾವಲಿಗಿರಲೆಂದು ಎರಡನೇ ಥರ್ಮೋಸ್ಟಾಟ್ ಹಾಕುವುದು ದುಂದಲ್ಲವೇ?

ಉತ್ತರ: ಅಲ್ಲ. ಥರ್ಮೋಸ್ಟಾಟಿನ ಒಳಗೆ ಕರೆಂಟ್ ಬಿಟ್ಟು ತಡೆಯುವ ಸ್ವಿಚ್ಚು, ಅಂದರೆ ರಿಲೇ, ಕೆಡುವಾಗ ಕೆಲವೊಮ್ಮೆ ‘ಆನ್’ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ಗೋಡೆಯ ಪ್ಲಗ್ಗಿಗೆ ಸಾದಾ ಆನ್-ಆಫ್ ಮಾದರಿಯ ಕಾವಲು ಥರ್ಮೋಸ್ಟಾಟ್, ಅದಕ್ಕೆ ಮುಖ್ಯ ಥರ್ಮೋಸ್ಟಾಟ್, ಅದಕ್ಕೆ ಟೇಪ್, ಇದೇ ಕ್ರಮ. ಕಾವಲಿನದು ಮುಖ್ಯದ್ದಕ್ಕಿಂತ 2–3 ಡಿಗ್ರಿ ಮೇಲಿರಲಿ, ಅದರ ಪ್ರೋಬ್ ಬೇರೆ ಡಬ್ಬಿಯ ಕೆಳಗಿರಲಿ. ನೀರಿನ ಬಟ್ಟಲುಗಳ ಪಕ್ಕದಲ್ಲೇ ಕರೆಂಟ್ ಇರುವುದರಿಂದ ಆ ಸಾಲಿಗೆ ಆರ್‌ಸಿಡಿಯೂ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಬೇಕು. ವೈರುಗಳು ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ಜೋತು ಬಾಗಿ ಮತ್ತೆ ಮೇಲೇರಲಿ. ಚೆಲ್ಲಿದ ನೀರು ವೈರ್ ಹಿಡಿದು ಇಳಿದರೂ ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.