ಜಂಟಿ ಮನೆ, ಪತಿಯ ಸಾಲ: ಓದುಗರ ಕಾನೂನು ಪ್ರಶ್ನೆ

ಪ್ರಶ್ನೆ: ನನ್ನ ಮತ್ತು ಪತಿಯ ಹೆಸರಿನಲ್ಲಿ ಜಂಟಿಯಾಗಿ ಕೊಂಡ ಮನೆಯಲ್ಲಿ ನಾನು ಮಕ್ಕಳೊಂದಿಗೆ ವಾಸವಾಗಿದ್ದೇನೆ. ಗೃಹಸಾಲದಲ್ಲಿ ಇಬ್ಬರೂ ಸಹಸಾಲಗಾರರು. ಕಂತುಗಳ ಹೆಚ್ಚಿನ ಪಾಲು ನನ್ನ ಸಂಬಳದಿಂದಲೇ ಹೋಗಿದ್ದು, ಸಾಲ ತೀರಲು ಕೆಲವೇ ತಿಂಗಳುಗಳಿವೆ. ವಿಚ್ಛೇದನದ ಅರ್ಜಿ ಕೌಟುಂಬಿಕ ನ್ಯಾಯಾಲಯದಲ್ಲಿ ಬಾಕಿಯಿದೆ. ಈ ನಡುವೆ ಪತಿ ವ್ಯಾಪಾರಕ್ಕೆಂದು ಹಲವರಿಂದ ಕೈಸಾಲ ಮಾಡಿದ್ದಾರೆ. ಮನೆಯನ್ನೇ ಅಡವಿಟ್ಟು ಇನ್ನಷ್ಟು ಸಾಲ ಎತ್ತುವ ಮಾತೂ ಕಿವಿಗೆ ಬಿದ್ದಿದೆ. ಅವರ ಓವರ್‌ಡ್ರಾಫ್ಟ್‌ಗೆ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಎತ್ತಲು ಬ್ಯಾಂಕು ಕೊಡುವ ಸಾಲ) ಹಿಂದೊಮ್ಮೆ ನಾನು ಜಾಮೀನು ಸಹಿ ಹಾಕಿದ್ದೂ ಉಂಟು. ವಿಚ್ಛೇದನದ ಪ್ರಕರಣ ನಡೆಯುತ್ತಿರುವಾಗ ಮನೆಗೆ ತಾನಾಗಿಯೇ ರಕ್ಷಣೆ ಇರುವುದಿಲ್ಲವೇ? ನಾನೇನು ಮಾಡಬೇಕು?
— ಹೆಸರು ಬೇಡ

ಉತ್ತರ: ಇರುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಇದೇ ನಂಬಿಕೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತವರು ಅನೇಕರಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 52ನೇ ಕಲಮಿನ ಪ್ರಕಾರ, ದಾವೆ ಬಾಕಿ ಇರುವಾಗ ಮಾಡಿದ ಪರಭಾರೆಯು, ಅಂದರೆ ಆಸ್ತಿಯನ್ನು ಬೇರೊಬ್ಬರಿಗೆ ವರ್ಗಾಯಿಸುವುದು, ಆ ದಾವೆಯ ತೀರ್ಪಿಗೆ ಒಳಪಟ್ಟಿರುತ್ತದೆ ಎಂಬುದು ನಿಜ. ಆದರೆ ಆ ಸ್ಥಿರಾಸ್ತಿಯ ಹಕ್ಕೇ ದಾವೆಯಲ್ಲಿ ನೇರವಾಗಿ ಪ್ರಶ್ನೆಯಾಗಿರಬೇಕು. ಕೇವಲ ವಿವಾಹ ವಿಚ್ಛೇದನ ಕೋರಿದ ಅರ್ಜಿಯಲ್ಲಿ ಮನೆಯ ಪ್ರಶ್ನೆಯೇ ಇರುವುದಿಲ್ಲವಾದ್ದರಿಂದ, ಆ ಅರ್ಜಿಯ ನೆರಳು ಮನೆಯ ಮೇಲೆ ಬೀಳುವುದಿಲ್ಲ.

ಇನ್ನು ವಸೂಲಿಗೆ ಬರುವವರ ವಿಷಯ. ಗಂಡ ಮಾಡಿದ ಸಾಲಕ್ಕೆ ಹೆಂಡತಿ ಎಂಬ ಒಂದೇ ಕಾರಣಕ್ಕೆ ನೀವು ಹೊಣೆಯಲ್ಲ. ನೀವು ಸಹಿ ಮಾಡದ ಪ್ರೊನೋಟಿನ ಹಣವನ್ನು ನಿಮ್ಮಿಂದ ಕೇಳುವ ಹಕ್ಕು ಯಾರಿಗೂ ಇಲ್ಲ. ಅವರ ಕಾಟ ತಾಳಲಾರದೆ ಒಂದು ಕಂತನ್ನು ಕಟ್ಟುವುದಾಗಲಿ, ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವುದಾಗಲಿ ಬೇಡ. ಆದರೆ ಸಾಲ ಕೊಟ್ಟವರು ಪತಿಯ ಮೇಲೆ ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪು) ಪಡೆದರೆ ಮನೆಯಲ್ಲಿರುವ ಪತಿಯ ಪಾಲನ್ನು ಜಪ್ತಿ ಮಾಡಿಸಿ ಹರಾಜಿಗೆ ತರಬಹುದು. ವಾಸದ ಒಂದೇ ಮನೆಯನ್ನು ಕೋರ್ಟು ಮುಟ್ಟುವುದಿಲ್ಲ ಎಂಬ ಮಾತು ಜನರಲ್ಲಿ ಬಹಳ ಚಾಲ್ತಿಯಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಆ ವಿನಾಯಿತಿಯನ್ನು ಕೃಷಿಕರು, ಕೂಲಿಕಾರರು ಮತ್ತು ಮನೆಗೆಲಸದವರ ವಾಸದ ಮನೆಗಳಿಗೆ ಕೊಟ್ಟಿದೆಯೇ ಹೊರತು ವ್ಯಾಪಾರಿಗಳಿಗೆ ಕೊಟ್ಟಿಲ್ಲ. ನಿಮ್ಮ ಪಾಲನ್ನೂ ಸೇರಿಸಿ ಜಪ್ತಿ ಮಾಡಿದರೆ, ಅದೇ ಸಂಹಿತೆಯ ಆದೇಶ 21, ನಿಯಮ 58ರ ಅಡಿ ತಕರಾರು ಸಲ್ಲಿಸಿ ನಿಮ್ಮ ಭಾಗವನ್ನು ಬಿಡಿಸಿಕೊಳ್ಳಬಹುದು. ಅಂದಮೇಲೆ ಅಪಾಯವಿರುವುದು ನಿಮ್ಮ ಪಾಲಿಗಿಂತ ಹೆಚ್ಚಾಗಿ, ವಿಚ್ಛೇದನದ ಇತ್ಯರ್ಥದಲ್ಲಿ ನಿಮಗೆ ಬರಬಹುದೆಂದು ನೀವು ನೆಚ್ಚಿಕೊಂಡಿರುವ ಪತಿಯ ಪಾಲಿಗೆ. ಬೇರೊಬ್ಬರ ಹಕ್ಕು ಅದರ ಮೇಲೆ ಕೂರುವ ಮೊದಲೇ ನಿಮ್ಮ ಕೈಯಲ್ಲಿ ನ್ಯಾಯಾಲಯದ ಆದೇಶವಿರಬೇಕು.

ಆದೇಶ ಪಡೆಯಲು ದಾರಿಗಳಿವೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 7ನೇ ಕಲಮು ಪತಿ-ಪತ್ನಿಯರ ಆಸ್ತಿಯ ವ್ಯಾಜ್ಯವನ್ನೂ ಆ ನ್ಯಾಯಾಲಯದ ವ್ಯಾಪ್ತಿಗೆ ತಂದಿದೆ. ಮನೆಯಲ್ಲಿ ನಿಮ್ಮ ಪಾಲನ್ನು ಘೋಷಿಸಿ ವಿಭಾಗಿಸಿ ಕೊಡಬೇಕೆಂದು ಅಲ್ಲಿಯೇ ದಾವೆ ಹೂಡಿ, ಅದರೊಂದಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 1 ಮತ್ತು 2ರ ಅಡಿ ಮಧ್ಯಂತರ ಅರ್ಜಿ ಹಾಕಿ, ಮನೆಯನ್ನು ಮಾರದಂತೆ, ಅಡಮಾನ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೋರಿ. ದಾವೆಯಲ್ಲಿ ಮನೆಯ ಚೆಕ್ಕುಬಂದಿಯೊಂದಿಗೆ (ನಾಲ್ಕು ದಿಕ್ಕಿನ ಗಡಿ) ಷೆಡ್ಯೂಲು, ಅಂದರೆ ಆಸ್ತಿಯ ವಿವರ, ಸೇರಿದ ದಿನದಿಂದ 52ನೇ ಕಲಮಿನ ರಕ್ಷಣೆಯೂ ಸಿಗುತ್ತದೆ. ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಈಗಲೇ ತೆಗೆಸಿಡಿ: ಜಂಟಿಯಾಗಿ ಕೊಂಡ ಆಸ್ತಿಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಹಣ ಹಾಕಿದ ಪ್ರಮಾಣದಲ್ಲಿ ಪಾಲು ಎಂದು ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು ಹೇಳುತ್ತದೆ, ಸಾಕ್ಷ್ಯ ಇಲ್ಲದಿದ್ದರೆ ಸಮಪಾಲು ಎಂದೇ ಭಾವಿಸಲಾಗುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಇನ್ನೊಂದು ದಾರಿ. ಆರ್ಥಿಕ ದೌರ್ಜನ್ಯವನ್ನೂ ಅದು ದೌರ್ಜನ್ಯವೆಂದೇ ಪರಿಗಣಿಸುತ್ತದೆ. ವಾಸದ ಮನೆಯನ್ನು ಪರಭಾರೆ ಮಾಡದಂತೆ, ಋಣಭಾರಕ್ಕೆ ಒಳಪಡಿಸದಂತೆ ಪತಿಯನ್ನು ತಡೆಯುವ ಆದೇಶವನ್ನು 19ನೇ ಕಲಮಿನಡಿ ಪಡೆಯಬಹುದು. 26ನೇ ಕಲಮಿನ ಪ್ರಕಾರ ಈ ಪರಿಹಾರವನ್ನು ಕೌಟುಂಬಿಕ ನ್ಯಾಯಾಲಯದಲ್ಲಿಯೇ ಕೇಳಲು ಅವಕಾಶವಿದೆ. ವ್ಯಾಪಾರಕ್ಕಾಗಿ ಸಾಲ ಮಾಡಿದ್ದಷ್ಟೇ ದೌರ್ಜನ್ಯವಾಗುವುದಿಲ್ಲ. ನಿಮ್ಮನ್ನೂ ಮಕ್ಕಳನ್ನೂ ಮನೆಯಿಂದ ಹೊರಹಾಕುವ ಉದ್ದೇಶ, ಜೀವನೋಪಾಯಕ್ಕೆ ಕೊಡದಿರುವುದು ಮುಂತಾದ ಸಂಗತಿಗಳಿದ್ದರೆ ಮಾತ್ರ ಈ ದಾರಿ ಗಟ್ಟಿ. ನಿಮ್ಮ ಪತ್ರದಲ್ಲಿ ಅಂಥ ವಿವರಗಳಿಲ್ಲದ ಕಾರಣ ವಿಭಾಗ ದಾವೆಯೇ ಮೇಲೆಂದು ನನಗೆ ಅನಿಸುತ್ತದೆ.

ಆದೇಶ ಬಂದ ಮೇಲೆ ಅದನ್ನು ಬೀರುವಿನಲ್ಲಿಟ್ಟು ಕೂರಬೇಡಿ. ದೃಢೀಕೃತ ನಕಲನ್ನು ಗೃಹಸಾಲದ ಬ್ಯಾಂಕಿಗೂ ಉಪನೋಂದಣಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಷ್ಟಾದ ಮೇಲೂ ಪತಿ ತಡೆಯಾಜ್ಞೆ ಮೀರಿದರೆ ಅದೇ ಸಂಹಿತೆಯ ಆದೇಶ 39, ನಿಯಮ 2ಎ ಅಡಿ ಅವರ ಆಸ್ತಿಯ ಜಪ್ತಿಗೂ, ಮೂರು ತಿಂಗಳವರೆಗಿನ ಸಿವಿಲ್ ಬಂಧನಕ್ಕೂ ಅವಕಾಶವಿದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತಂದದ್ದು, ಸಾಲ ತೀರಲು ಕೆಲವೇ ತಿಂಗಳುಗಳಿವೆ ಎಂಬ ಸಾಲು. ಈಗ ಮೂಲ ಕ್ರಯಪತ್ರ ಬ್ಯಾಂಕಿನಲ್ಲಿದೆ. ಒಂದು ರೀತಿಯಲ್ಲಿ ಅದೇ ನಿಮ್ಮ ಕಾವಲು. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ವಿಳಂಬದ ಪ್ರತಿ ದಿನಕ್ಕೂ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೊರಡಿಸಿದ ಆದೇಶವಿದೆ. ಆದ್ದರಿಂದ ಬ್ಯಾಂಕಿನವರೂ ಬೇಗ ಕೈತೊಳೆದುಕೊಳ್ಳಲು ನೋಡುತ್ತಾರೆ. ಆ ಪತ್ರಗಳು ಪತಿಯೊಬ್ಬರ ಕೈಗೇ ಬಂದರೆ, ಅವನ್ನು ಒಯ್ದು ಇನ್ನೊಂದು ಸಂಸ್ಥೆಯಲ್ಲಿಟ್ಟು, ಹಕ್ಕುಪತ್ರ ಠೇವಣಿಯ ಅಡಮಾನವನ್ನು ತಮ್ಮ ಪಾಲಿನ ಮಟ್ಟಿಗೆ ಮಾಡುವುದು ಕಷ್ಟವಲ್ಲ. ಹಾಗಾಗಿ ಶಾಖಾ ವ್ಯವಸ್ಥಾಪಕರಿಗೆ ಇಂದೇ ಬರೆಯಿರಿ: ಇಬ್ಬರೂ ಹಾಜರಿದ್ದು ಸಹಿ ಮಾಡದ ಹೊರತು ಪತ್ರಗಳನ್ನು ಒಬ್ಬರಿಗೇ ಕೊಡಬಾರದು, ಈ ಮನೆಯ ಆಧಾರದ ಮೇಲೆ ಟಾಪ್-ಅಪ್ ಸಾಲಕ್ಕೆ (ಈಗಿರುವ ಸಾಲದ ಮೇಲೆ ಪಡೆಯುವ ಹೆಚ್ಚುವರಿ ಸಾಲ) ನಿಮ್ಮ ಒಪ್ಪಿಗೆಯಿಲ್ಲ. ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ.

ಠೇವಣಿ ಅಡಮಾನವು ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಯಾವಾಗಲೂ ಕಾಣಿಸುತ್ತದೆ ಎಂದು ನಂಬಬೇಡಿ. ಇ.ಸಿ. ಆಗಾಗ ತೆಗೆಸುತ್ತಿರಿ, ಅದರೊಂದಿಗೆ ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲೂ ಶುಲ್ಕ ಕಟ್ಟಿ ಹುಡುಕಿಸಿ.

ಜಾಮೀನಿನ ವಿಷಯದಲ್ಲಿ ಮಾತ್ರ ನಿಮ್ಮ ಸಹಿಯೇ ನಿಮ್ಮನ್ನು ಕಟ್ಟಿಹಾಕಿದೆ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಎಂದು ಕರಾರು ಕಾಯ್ದೆ, 1872ರ 128ನೇ ಕಲಮು ಹೇಳುತ್ತದೆ. ಓವರ್‌ಡ್ರಾಫ್ಟ್‌ನಂತಹ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂಪಡೆಯಲು 130ನೇ ಕಲಮಿನಲ್ಲಿ ಅವಕಾಶವಿದೆ; ಈವರೆಗೆ ಎತ್ತಿದ ಹಣದ ಹೊಣೆ ಉಳಿಯುತ್ತದೆ, ನಾಳೆ ಎತ್ತುವುದರದ್ದು ನಿಲ್ಲುತ್ತದೆ. ಜಾಮೀನು ಪತ್ರದ ಷರತ್ತುಗಳು ಈ ಹಕ್ಕನ್ನು ಮೊಟಕುಗೊಳಿಸಿರಬಹುದಾದ್ದರಿಂದ ಅದರ ನಕಲು ಪಡೆದು ವಕೀಲರಿಗೆ ತೋರಿಸಿ. ಪತಿಯ ಹೆಸರಿಗೆ ಎಂದಾದರೂ ಜನರಲ್ ಪವರ್ ಆಫ್ ಅಟಾರ್ನಿ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆದುಕೊಟ್ಟಿದ್ದರೆ ಅದನ್ನೂ ತಡಮಾಡದೆ ರದ್ದುಪಡಿಸಿ, ಅವರಿಗೂ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ.

ಗೃಹಸಾಲದ ಕಂತನ್ನು ಸಿಟ್ಟಿನಿಂದ ನಿಲ್ಲಿಸಬೇಡಿ. ನಿಂತರೆ ಬ್ಯಾಂಕು ಬಾಕಿ ವಸೂಲಿಗೆ ಇಡೀ ಮನೆಯ ಮೇಲೆಯೇ ಕ್ರಮ ಕೈಗೊಳ್ಳಬಹುದು. ಅಲ್ಲಿ ನಿಮ್ಮ ಪಾಲು, ಅವರ ಪಾಲು ಎಂಬ ಭೇದವಿಲ್ಲ. ಕೊನೆಗೆ ರಾಜಿಯಾಗಿ ಪತಿ ತಮ್ಮ ಪಾಲನ್ನು ನಿಮಗೆ ಬಿಟ್ಟುಕೊಡಲು ಒಪ್ಪಿದರೆ, ಬರೀ ಒಪ್ಪಂದದ ಕಾಗದಕ್ಕೆ ತೃಪ್ತರಾಗದೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಕೊಳ್ಳಿ. ಸಹಿಗೆ ಹೋಗುವ ಮುನ್ನ ಹೊಸ ಇ.ಸಿ. ಮತ್ತು ಸೆರ್ಸಾಯ್ ವರದಿ ಎರಡನ್ನೂ ತೆಗೆಸಿ ನೋಡಿ.