ಸೆಂಟರ್ ಬೇಕು ಅಂತ ಸೆಂಟರನ್ನೇ ತಗೋಬೇಕಾ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ NBAಯಲ್ಲಿ ಒಳ್ಳೆಯ ಗಾರ್ಡ್ (ಬುಟ್ಟಿಯಿಂದ ದೂರದಲ್ಲಿ ಚೆಂಡು ನಡೆಸುವ ಆಟಗಾರ) ಇರುವ ತಂಡ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಇನ್ನೊಬ್ಬ ಗಾರ್ಡ್‌ನನ್ನು ಯಾಕೆ ತಗೋಬೇಕು ಎಂದು ಕೇಳಿದ್ದೀರಿ. 1984ರಲ್ಲಿ ಪೋರ್ಟ್‌ಲೆಂಡ್‌ನವರ ಲೆಕ್ಕವೂ ಇದೇ ಆಗಿತ್ತು. ಗಾರ್ಡ್ ಕ್ಲೈಡ್ ಡ್ರೆಕ್ಸ್ಲರ್ ಇದ್ದಾರಲ್ಲ ಅಂತ ಎರಡನೇ ಸರದಿಯಲ್ಲಿ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಸ್ಯಾಮ್ ಬೋವಿಯನ್ನು ಆರಿಸಿದರು. ಕಾಲಿನ ಮೂಳೆ ಬಿರುಕು ಬಿಟ್ಟು ಬೋವಿ ಕಾಲೇಜಿನಲ್ಲೇ ಎರಡು ಸೀಸನ್ ಆಡದೆ ಕೂತಿದ್ದರು, ಅದೂ ಗೊತ್ತಿತ್ತು! ಮೂರನೇ ಸರದಿಯಲ್ಲಿ, ಮುಂದೆ ದಂತಕಥೆಯಾದ ಗಾರ್ಡ್ ಮೈಕೆಲ್ ಜೋರ್ಡಾನ್ ಶಿಕಾಗೋ ಪಾಲಾದರು.

ನನಗೆ ಜಾಸ್ತಿ ಇಷ್ಟ ಅದೇ ವರ್ಷದ ಹ್ಯೂಸ್ಟನ್ ಕಥೆ. ರಾಲ್ಫ್ ಸ್ಯಾಂಪ್ಸನ್‌ನಂಥ ಸೆಂಟರ್ ಇದ್ದರೂ ಮೊದಲ ಸರದಿಯಲ್ಲಿ ಹಕೀಂ ಒಲಾಜುವಾನ್‌ರನ್ನೇ ತಗೊಂಡರು. ಅವರೂ ಸೆಂಟರೇ ಅಲ್ವಾ? ಸ್ಯಾಂಪ್ಸನ್ ಸೆಂಟರ್‌ಗೆ ಜೊತೆಯಾಗಿ ಆಡುವ ಪವರ್ ಫಾರ್ವರ್ಡ್ ಜಾಗಕ್ಕೆ ಸರಿದರು. 1986ರಲ್ಲಿ ತಂಡ ಫೈನಲ್‌ಗೆ ಬಂತು. ಕೊನೇ ಸರದಿಗಳಲ್ಲಿ ತಂಡದಲ್ಲಿ ಯಾವ ಜಾಗಕ್ಕೆ ಆಟಗಾರ ಬೇಕು ಅಂತ ನೋಡಿ ಆರಿಸಿದರೆ ಪರವಾಗಿಲ್ಲ, ಮೊದಲ ಮೂರರಲ್ಲಿ ಬೇಡ.