ಹಂಪಿಯ ಸುತ್ತಮುತ್ತ ಯಾವ ಕಾಡು ಸಸ್ತನಿಗಳಿವೆ?

ದೇವಾಲಯಗಳ ಬಳಿ ಎಲ್ಲರಿಗೂ ಕಾಣುವುದು ಕೋತಿ ಮತ್ತು ಮುಸುವ. ಆದರೆ ಈ ಸೀಮೆಯ ನಿಜವಾದ ಒಡೆಯ ಕರಡಿ. ಹಂಪಿಗೆ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಅಭಯಾರಣ್ಯ ಸ್ಥಾಪನೆಯಾಯಿತು. ಬಂಡೆಗಳು ಒಂದರ ಮೇಲೊಂದು ಪೇರಿದಂತಿರುವ ಇಲ್ಲಿನ ಗುಡ್ಡಗಳ ಪೊಟರೆಗಳಲ್ಲಿ ಹಗಲಿನ ಬಿಸಿಲು ಕಳೆಯುವ ಕರಡಿ, ಹೊತ್ತು ಇಳಿದಂತೆ ಹಣ್ಣು, ಜೇನು, ಗೆದ್ದಲು ಅರಸಿ ಹೊರಡುತ್ತದೆ. ಅದರ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲುಗಳೇ ಇರುವುದಿಲ್ಲ; ಉಗುರಿನಿಂದ ಹುತ್ತವನ್ನು ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯ ಮೂಲಕ ಗೆದ್ದಲನ್ನು ಸದ್ದು ಕೇಳುವಂತೆ ಹೀರುತ್ತದೆ. ತಾಯಿಯ ಬೆನ್ನಿನ ಕೂದಲು ಹಿಡಿದು ಸವಾರಿ ಮಾಡುವ ಮರಿಗಳನ್ನು ವೀಕ್ಷಣಾ ಗೋಪುರದಿಂದ ನೋಡುವುದು ಮರೆಯಲಾಗದ ಅನುಭವ.

ಅದೇ ಬಂಡೆಗಳ ನಡುವೆ ಚಿರತೆಯೂ ಇದೆ. ಕಾಡುಹಂದಿ, ಮುಳ್ಳುಹಂದಿ, ನರಿ, ಮುಂಗುಸಿಗಳೂ ಇವೆ. ಚಿಪ್ಪುಹಂದಿ ಇದ್ದರೂ ಕಣ್ಣಿಗೆ ಬೀಳುವುದು ಅಪರೂಪ.

ಪ್ರವಾಸಿಗರು ಹೆಚ್ಚಾಗಿ ಗಮನಿಸದ ಪ್ರಾಣಿಯೆಂದರೆ ತುಂಗಭದ್ರೆಯ ನೀರುನಾಯಿ. ಗುಂಪಾಗಿ ಮೀನು ಬೇಟೆಯಾಡುವ ಇವುಗಳ ಇರುವಿಕೆ, ದಡದ ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆಯಿಂದ ತಿಳಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಇವುಗಳ ಪಾಲಿಗೆ ಅತ್ಯಂತ ಘೋರವಾದ ಅಪಾಯ, ಏಕೆಂದರೆ ಅದು ಆಹಾರವನ್ನೂ ಪ್ರಾಣವನ್ನೂ ಒಟ್ಟಿಗೇ ಕಸಿಯುತ್ತದೆ.